ಗೌಂಡಿ ಶೆಡ್ಡಿನ ಹನ್ನೆರಡನೆಯ ಹೆಸರು

ನಾನು ಆರು ವರ್ಷ ಕೆಲಸ ಮಾಡಿದ ಜಾಗವನ್ನು ಕಾಲೇಜು ಎನ್ನುವುದು ಸ್ವಲ್ಪ ಹೆಚ್ಚಾಯಿತು. ಅಹಮದಾಬಾದಿನ ಮಣಿನಗರ ಸ್ಟೇಷನ್ನಿನ ಮುಂದೆ ಶೇರ್ ಆಟೋ ಹತ್ತಿದರೆ ಇಪ್ಪತ್ತು ನಿಮಿಷದ ದಾರಿ. ಇಳಿದರೆ ನಾಲ್ಕು ತಗಡಿನ ಶೆಡ್ಡು, ಒಂದು ಆಫೀಸು, ಒಂದು ನೀರಿನ ಟ್ಯಾಂಕು, ಅದರ ಪಕ್ಕ ಸದಾ ಒದ್ದೆಯಾಗಿರುವ ಮರಳಿನ ಗುಡ್ಡೆ. ಶೆಡ್ಡಿಗೊಂದು ಕಸುಬು: ವೈರಿಂಗು, ನಲ್ಲಿ ಕೆಲಸ, ಟೈಲ್ಸು, ಗೌಂಡಿ ಕೆಲಸ. ನಮ್ಮ ಹಾವೇರಿ ಕಡೆ ಗೋಡೆ ಕಟ್ಟುವವನನ್ನು ಗೌಂಡಿ ಎನ್ನುತ್ತೇವೆ. ಇಲ್ಲಿ ಅವನು ಕಡಿಯಾ. ಒಂದು ವರ್ಷ ಕಲಿಸಿ, ಪರೀಕ್ಷೆ ಮಾಡಿ, ಸರ್ಟಿಫಿಕೇಟು ಕೊಟ್ಟು ಕಳಿಸುವುದು ಆ ಸಂಸ್ಥೆಯ ಕೆಲಸ. ಸೇರಿಸಿಕೊಳ್ಳುವುದು ನನ್ನ ಕೆಲಸ. ಫಾರ್ಮು ಕೊಡುವುದು, ಬರೆಯಲು ಬಾರದವರದ್ದನ್ನು ತುಂಬಿಸುವುದು, ಫೀಸು ಕಟ್ಟಿಸಿಕೊಳ್ಳುವುದು, ಯಾವ ಶೆಡ್ಡಿಗೆ ಎಂಥವರು ಎಷ್ಟು ಜನ ಬಂದರು ಎಂದು ಸಂಸ್ಥೆ ನಡೆಸುವ ಟ್ರಸ್ಟಿನವರಿಗೆ ವರದಿ ಕಳಿಸುವುದು. ಎಲ್ಲರೂ ನನ್ನನ್ನು ಅಡ್ಮಿಷನ್ ಬೆನ್ ಎನ್ನುತ್ತಿದ್ದರು. ಬೆನ್ ಅಂದರೆ ಅಕ್ಕ.

ಗಂಡ ಬ್ಯಾಂಕಿನವರು. ಮದುವೆಯಾದ ಮೇಲೆ ಕರ್ನಾಟಕದಲ್ಲಿ ನಾವು ಇದ್ದದ್ದೇ ಕಡಿಮೆ. ಬೇರೆ ಬೇರೆ ರಾಜ್ಯ ಸುತ್ತಿ ಕಡೆಗೆ ಗುಜರಾತಿಗೆ ಬಂದೆವು: ವಡೋದರಾದಲ್ಲಿ ನಾಲ್ಕು ವರ್ಷ, ಸೂರತ್ತಿನಲ್ಲಿ ಐದು, ಆಮೇಲೆ ಅಹಮದಾಬಾದು. ವಡೋದರಾದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಸೂರತ್ತಿನಲ್ಲಿ ಒಬ್ಬ ಸೀರೆ ವ್ಯಾಪಾರಿಯ ಆಫೀಸಿನಲ್ಲಿ ಪತ್ರ ವ್ಯವಹಾರ ನೋಡಿಕೊಳ್ಳುತ್ತಿದ್ದೆ. ಎರಡನ್ನೂ ವರ್ಗದ ಆರ್ಡರು ಬಂದ ವಾರದೊಳಗೆ ಬಿಟ್ಟೆ. ಅಹಮದಾಬಾದಿಗೆ ಬರುವ ಹೊತ್ತಿಗೆ ಗಂಡನ ನಿವೃತ್ತಿ ಹತ್ತಿರವಾಗಿತ್ತು, ವರ್ಗ ನಿಂತಿತು, ಹಾಗಾಗಿ ಒಂದೇ ಕುರ್ಚಿಯಲ್ಲಿ ಆರು ವರ್ಷ ಕೂತೆ. ಕಾಲೇಜಿಗೆ ಬರುವವರು ಗುಜರಾತಿಯಲ್ಲೋ ತಮ್ಮೂರಿನ ಮಾತಿನಲ್ಲೋ ಕೇಳುತ್ತಿದ್ದರು, ನಾನು ನನ್ನ ಮುರುಕು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ. ಆದರೆ ನೆನಪು ಮಾಡಿಕೊಂಡರೆ ಎಲ್ಲರೂ ನನ್ನ ಊರಿನ ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಫೀಸಿನ ಬೋರ್ಡು ನನ್ನ ಮೇಜಿನ ಹಿಂದಿನ ಗೋಡೆಯ ಮೇಲಿತ್ತು. ಬಂದವರು ಮೊದಲು ನನ್ನ ತಲೆಯ ಮೇಲೆ ನೋಡುತ್ತಿದ್ದರು, ಆಮೇಲೆ ನನ್ನನ್ನು. ವೈರಿಂಗಿನ ಫೀಸು ಎಲ್ಲಕ್ಕಿಂತ ಹೆಚ್ಚು, ಗೌಂಡಿ ಶೆಡ್ಡಿನದು ಎಲ್ಲಕ್ಕಿಂತ ಕಡಿಮೆ. ಅದರ ಮೇಲೆ ಬೂಟು, ಹೆಲ್ಮೆಟ್ಟು, ಕಸುಬಿನ ಪೆಟ್ಟಿಗೆ. ಗೌಂಡಿಯ ಪೆಟ್ಟಿಗೆಯಲ್ಲಿ ಗಾರೆ ಮೆತ್ತುವ ಒಂದು ಕರಣೆ, ಒಂದು ರಸಮಟ್ಟ, ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿದ ಒಂದು ಕಬ್ಬಿಣದ ಗುಂಡು, ಒಂದು ಸುತ್ತಿಗೆ ಇರುತ್ತಿದ್ದವು. ಪಾಸಾದರೆ ಪೆಟ್ಟಿಗೆ ಅವರದೇ. ಬೋರ್ಡಿನ ಕೆಳಗಡೆ ಸಣ್ಣ ಅಕ್ಷರದಲ್ಲಿ ಹೆಣ್ಣುಮಕ್ಕಳಿಗೆ ಎಲ್ಲ ಶೆಡ್ಡಿನಲ್ಲೂ ಅರ್ಧ ಫೀಸು ಎಂದಿತ್ತು. ಯಾರೋ ದಾನಿಯನ್ನು ಮೆಚ್ಚಿಸಲು ಬರೆಸಿದ್ದು. ಟೈಲ್ಸಿಗೆ ಇಬ್ಬರು ಹುಡುಗಿಯರು ಬಂದು ಹೋಗಿದ್ದರು. ಗೌಂಡಿ ಶೆಡ್ಡಿನಲ್ಲಿ ಆ ರಿಯಾಯಿತಿಯನ್ನು ಯಾರೂ ಕೇಳಿರಲಿಲ್ಲ, ಕೇಳುತ್ತಾರೆಂದು ಯಾರೂ ಅಂದುಕೊಂಡೂ ಇರಲಿಲ್ಲ.

ಕಡಿಮೆ ಫೀಸಿನ ಶೆಡ್ಡು ಮೊದಲು ತುಂಬಬೇಕು ತಾನೇ? ಪ್ರತಿ ವರ್ಷ ಅದೇ ಖಾಲಿ. ವೈರಿಂಗಿಗೆ ಮಣಿನಗರದ ಅಂಗಡಿ ಗುಮಾಸ್ತರ ಮಕ್ಕಳು, ಪೋಸ್ಟಾಫೀಸಿನವರ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಿದ್ದರು. ನಲ್ಲಿ ಕೆಲಸಕ್ಕೆ ಸೂರತ್ತಿನಿಂದ ಬರುತ್ತಿದ್ದರು. ವಜ್ರ ಉಜ್ಜಿ ಉಜ್ಜಿ ಕಣ್ಣು ಸೋತ ಅಪ್ಪಂದಿರು ಮಗನನ್ನು ಕೈ ಹಿಡಿದು ತಂದು ಬಿಡುತ್ತಿದ್ದರು. ಟೈಲ್ಸಿಗೆ ರಾಜಸ್ಥಾನದವರು. ವಡೋದರಾದಿಂದ ಬರುವವರು ಕಂತ್ರಾಟುದಾರರ ಮಕ್ಕಳು, ಅವರಿಗೆ ಕಸುಬು ಬೇಡ, ಸರ್ಟಿಫಿಕೇಟು ಬೇಕು. ವೈರಿಂಗಿನವನು ಇಸ್ತ್ರಿ ಅಂಗಿ ತೊಟ್ಟು ಮನೆಯ ಮುಂಬಾಗಿಲಿನಿಂದ ಒಳಗೆ ಹೋಗುತ್ತಾನೆ, ಫ್ಯಾನಿನ ಕೆಳಗೆ ನಿಲ್ಲುತ್ತಾನೆ, ಚಹ ಕುಡಿಯುತ್ತಾನೆ. ಗೌಂಡಿ ಬರುವ ಹೊತ್ತಿಗೆ ಮನೆಯೇ ಇರುವುದಿಲ್ಲ. ಫಾರ್ಮಿನ ಜಾತಿಯ ಕಾಲಮ್ಮನ್ನು ನೋಡದೆಯೂ ಯಾರು ಯಾವ ಶೆಡ್ಡಿಗೆ ಹೋಗುತ್ತಾರೆಂದು ಎರಡನೆಯ ವರ್ಷಕ್ಕೇ ಹೇಳಬಲ್ಲವಳಾಗಿದ್ದೆ. ನಾನೇನೂ ಮೇಲಿನವಳಲ್ಲ. ನನ್ನ ತಂಗಿಯ ಮಗ ಫೋನಿನಲ್ಲಿ ಕೇಳಿದ್ದರೆ ನಾನೂ ವೈರಿಂಗೇ ಅನ್ನುತ್ತಿದ್ದೆ.

ನಾನು ಹೇಳಹೊರಟ ವರ್ಷ ಗೌಂಡಿ ಶೆಡ್ಡಿಗೆ ಹನ್ನೊಂದು ಜನ ಸೇರಿದ್ದರು. ಹನ್ನೆರಡಕ್ಕಿಂತ ಕಡಿಮೆಯಾದರೆ ಆ ವರ್ಷ ಶೆಡ್ಡು ತೆರೆಯುವಂತಿಲ್ಲ ಎಂದು ಟ್ರಸ್ಟಿನ ನಿಯಮ. ಈ ಸಲ ಮುಚ್ಚಿದರೆ ಅಲ್ಲಿ ಏಸಿ ರಿಪೇರಿ ಶುರು ಮಾಡುವುದೆಂದು ಮೇಲಿನವರು ಆಗಲೇ ಮಾತಾಡಿಕೊಂಡಿದ್ದರು. ಗೌಂಡಿ ಕೆಲಸ ಕಲಿಸುವ ಮೇಸ್ತ್ರಿ ಅರವತ್ತರ ಆಸುಪಾಸಿನ ಒಣಕಲು ಮನುಷ್ಯ. ಏನನ್ನೂ ಎರಡು ಸಲ ಹೇಳುತ್ತಿರಲಿಲ್ಲ, ಎಷ್ಟೋ ವಿಷಯ ಒಂದು ಸಲವೂ ಹೇಳುತ್ತಿರಲಿಲ್ಲ. "ಇನ್ನೊಬ್ಬ ಬರ್ತಾನ ತಗೋರಿ" ಎಂದು ನಾನು ಸಮಾಧಾನ ಹೇಳಿದರೆ, "ಬರೋವ ಗೋಡಿ ಕಟ್ಟಾಕ ಬರ್ಬೇಕು, ಲೆಕ್ಕ ತುಂಬಾಕಲ್ಲ" ಎಂದು ಹೊರಟುಬಿಟ್ಟರು.

ಅವರು ಯಾರನ್ನೂ ಪರೀಕ್ಷೆ ಇಲ್ಲದೆ ತೆಗೆದುಕೊಳ್ಳುತ್ತಿರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಮೂಲೆ ಎಳೆಯುತ್ತಿದ್ದರು. ಅದರ ಮೇಲೆ ಮೊಣಕಾಲೆತ್ತರ ಇಟ್ಟಿಗೆ ಕಟ್ಟಬೇಕು, ಎರಡು ತಾಸಿನಲ್ಲಿ. ಇಟ್ಟಿಗೆಯ ರಾಶಿಯಲ್ಲಿ ಬೇಕೆಂದೇ ಸೊಟ್ಟನೆಯವನ್ನೂ ಅರೆಬೆಂದವನ್ನೂ ಬೆರೆಸಿ ಇಟ್ಟಿರುತ್ತಿದ್ದರು, ಹಾಗೆಂದು ಯಾರಿಗೂ ಹೇಳುತ್ತಿರಲಿಲ್ಲ. ಮುಗಿದ ಮೇಲೆ ಬಂದು ಗುಂಡು ಇಳಿಬಿಟ್ಟು ನೋಡುತ್ತಿದ್ದರು. ಗೋಡೆ ದಾರದ ಮಾತು ಕೇಳಿದ್ದರೆ ಸಹಿ, ಇಲ್ಲದಿದ್ದರೆ ಕಾಲಿನಿಂದ ಒಂದು ತಳ್ಳು. ಆ ಎರಡು ತಾಸು ಗಡಿಯಾರ ನೋಡುತ್ತ ನಿಂತು ಪರೀಕ್ಷೆಯ ಹಾಳೆ ತುಂಬುವುದು ನನ್ನ ಪಾಲಿಗೆ ಬಂದಿತ್ತು.

ಕೊನೆಯ ದಿನಕ್ಕೆ ನಾಲ್ಕು ದಿನ ಇರುವಾಗ ಒಬ್ಬ ಗಂಡ, ಒಬ್ಬ ಹೆಂಡತಿ ಬಂದರು. ರಾಜ್ಯದ ಪೂರ್ವದ ಗುಡ್ಡಗಾಡು ದಾಹೋದ್ ಕಡೆಯವರು. ನಗರದ ಸಿರಿವಂತರ ಬಡಾವಣೆಯಾದ ಬೋಡಕ್‌ದೇವ್‌ನಲ್ಲಿ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಸೈಟಿನಲ್ಲೇ ತಗಡಿನ ಗುಡಿಸಲು ಕಟ್ಟಿಕೊಂಡು ಇದ್ದರು. ಅವನಿಗೆ ಮೂವತ್ತಿರಬಹುದು, ಆಕೆಗೆ ಒಂದೆರಡು ವರ್ಷ ಕಡಿಮೆ. ಸರ್ಟಿಫಿಕೇಟು ಇದ್ದ ಗೌಂಡಿಗಳನ್ನು ದೊಡ್ಡ ಕಂಪನಿಯವರು ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳುತ್ತಾರೆಂದು ಯಾರೋ ಹೇಳಿದ್ದರು, ಅದಕ್ಕೇ ಬಂದಿದ್ದ. ತಾನು ಕಲಿಯುವ ವರ್ಷ ಹೆಂಡತಿಯ ಜೋಡಿಯಾಗಿ ಗೋಡೆ ಕಟ್ಟಲು ಊರಿನಿಂದ ತಮ್ಮ ಬರುತ್ತಾನೆ ಎಂದ. ಆಕೆ ಯಾಕೆ ಬಂದಳು ಎಂದು ನಾನು ಕೇಳಲಿಲ್ಲ. ಆ ಜನ ಎಲ್ಲಿಗೆ ಹೋದರೂ ಗಂಡ ಹೆಂಡತಿ ಇಬ್ಬರೂ ಕೂಡಿಯೇ ಹೋಗುತ್ತಾರೆ. ಬೆಳಿಗ್ಗೆ ಕೂಲಿಯವರು ನಿಲ್ಲುವ ಕೂಡುರಸ್ತೆಗೆ ಇಲ್ಲಿ ಕಡಿಯಾ ನಾಕಾ ಎನ್ನುತ್ತಾರೆ. ಅಲ್ಲಿ ಮುಕಾದಮ, ಅಂದರೆ ಕೂಲಿ ಕರೆದೊಯ್ಯುವ ಮೇಲಾಳು, ಒಬ್ಬನನ್ನು ಕರೆಯುವುದಿಲ್ಲ, ಜೋಡಿ ಕರೆಯುತ್ತಾನೆ: ಕಟ್ಟಲು ಗಂಡು, ಇಟ್ಟಿಗೆ ಮತ್ತು ಮಾಲು ಹೊರಲು ಹೆಣ್ಣು. ಮಾಲು ಅಂದರೆ ಕಲಸಿದ ಸಿಮೆಂಟು ಮರಳು. ಕೂಲಿ ಜೋಡಿಗೆ, ಕೊಡುವುದು ಗಂಡಸಿನ ಕೈಗೆ.

ಅವನು ಕಟ್ಟಲು ಕೂತ. ಆಕೆ ಯಾರೂ ಹೇಳದೆ ಸೆರಗು ಸಿಕ್ಕಿಸಿಕೊಂಡು ಮಾಲು ಕಲಸಿದಳು, ಇಟ್ಟಿಗೆ ನೀರಿಗೆ ಹಾಕಿದಳು, ಅವನ ಎಡಗಡೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಅವನ ಕೈಗೆ ಕೊಡತೊಡಗಿದಳು. ಅವನು ಕತ್ತೆತ್ತಿ ನೋಡುತ್ತಲೇ ಇರಲಿಲ್ಲ, ಕೈ ಚಾಚಿದರೆ ಇಟ್ಟಿಗೆ ಬಂದು ಕೂರುತ್ತಿತ್ತು. ಮೂಲೆ ತಿರುಗುವಲ್ಲಿ ಆಕೆ ಒಮ್ಮೆ ಬೆರಳು ಆಡಿಸಿದಳು, ಅವನು ಇಟ್ಟಿಗೆಯನ್ನು ಕೂದಲೆಳೆಯಷ್ಟು ಸರಿಸಿದ. ತಗಡಿನ ಕೆಳಗೆ ಸೆಕೆ ಬೇಯಿಸುತ್ತಿತ್ತು. ಎರಡು ತಾಸಿಗೆ ಇನ್ನೂ ಕಾಲು ಗಂಟೆ ಇರುವಾಗಲೇ ಗೋಡೆ ಮುಗಿಯಿತು. ಹಾಳೆಯಲ್ಲಿ ಹೆಸರು, ಸಮಯ, ಆಮೇಲೆ "ಬೇರೆಯವರ ಸಹಾಯ" ಎಂಬ ಕಾಲಮ್ಮು. ನಾನು "ಇಲ್ಲ" ಎಂದು ಬರೆದು ಸಹಿ ಮಾಡಿದೆ.

ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ. ಎರಡು ತಾಸು ಕಣ್ಣೆದುರು ಕೂತವಳು ನನ್ನ ಲೆಕ್ಕಕ್ಕೆ ಬಂದಿರಲೇ ಇಲ್ಲ. ಸೈಟಿನಲ್ಲಿ ಮಾಲು ಹೊರುವ ಬಾಂಡಲಿ ಹೇಗೆ ಇರುತ್ತದೋ ಹಾಗೆ ಆಕೆಯೂ ಇದ್ದಳು, ಅಷ್ಟೇ.

ಮೇಸ್ತ್ರಿ ಬಂದು ಗುಂಡು ಇಳಿಬಿಟ್ಟರು. ಗೋಡೆ ಅಲುಗದೆ ದಾರಕ್ಕೆ ಸಮನಾಗಿ ನಿಂತಿತ್ತು. ನನ್ನ ಹಾಳೆ ತೆಗೆದುಕೊಂಡು ಸಹಿ ಮಾಡಲು ಹೋದವರು ಆ ಕಾಲಮ್ಮಿನ ಹತ್ತಿರ ನಿಂತರು. ಆಮೇಲೆ ಆಕೆಯ ಪಕ್ಕ ನೋಡಿದರು. ಅಲ್ಲಿ ಸೊಟ್ಟ ಇಟ್ಟಿಗೆಗಳು ಬೇರೆಯಾಗಿ, ಒಂದರ ಮೇಲೊಂದು ಜೋಡಿಸಿ ಕೂತಿದ್ದವು. ಅವರು ಬೆರೆಸಿಟ್ಟಿದ್ದರಲ್ಲಿ ಒಂದೂ ಗೋಡೆಗೆ ಹೋಗಿರಲಿಲ್ಲ.

"ಇವನ್ನ ಆರಿಸಿದವ್ರು ಯಾರು?"

"ಇಕಿ" ಎಂದ ಗಂಡ, ಅದರಲ್ಲೇನಿದೆ ಎನ್ನುವಂತೆ.

"ಇನ್ನೊಂದು ಸಲ ಕಟ್ಟು. ಒಬ್ಬನ."

ಅವನು ಒಬ್ಬನೇ ಕಟ್ಟಿದ. ಮೂರನೆಯ ಸಾಲಿಗೆ ಸೊಟ್ಟ ಇಟ್ಟಿಗೆ ಕೈಗೆ ಬಂತು, ಅದನ್ನು ಮಾಲು ದಪ್ಪ ಹಾಕಿ ಸರಿಮಾಡಲು ಹೋದ, ಐದನೆಯ ಸಾಲಿಗೆ ಮೂಲೆ ಹೊರಗೆ ವಾಲಿತು. ಮೇಸ್ತ್ರಿ ಅದನ್ನು ಕಾಲಿನಿಂದ ತಳ್ಳಲಿಲ್ಲ. ಕರಣೆಯನ್ನು ತೊಳೆದು ಆಕೆಯ ಮುಂದೆ ಹಿಡಿದರು. ಆಕೆ ಗಂಡನ ಮುಖ ನೋಡಿದಳು. ಅವನು ನಗುತ್ತ, "ಮಾಡು, ಏನಾಗ್ತೈತಿ" ಎಂದ. ಆಕೆಗೆ ಕರಣೆ ಹಿಡಿದು ಅಭ್ಯಾಸವಿರಲಿಲ್ಲ. ಮಾಲು ಅಲ್ಲಲ್ಲಿ ಬಿತ್ತು, ಸಂದುಗಳು ಒಂದೇ ಸಮ ಬರಲಿಲ್ಲ. ಗಂಡ ಕೊಟ್ಟ ಮೊದಲ ಎರಡು ಇಟ್ಟಿಗೆಯನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟು, ಆಮೇಲೆ ಎದ್ದು ತಾನೇ ಆರಿಸಿ ತಂದುಕೊಂಡಳು. ಎರಡು ತಾಸಿನ ಬದಲು ಮೂರು ಹಿಡಿಯಿತು. ಗುಂಡು ಇಳಿಬಿಟ್ಟಾಗ ಗೋಡೆ ಮತ್ತೆ ದಾರಕ್ಕೆ ಸಮ.

"ಕೈಗೆ ನಾ ಕಲಿಸ್ತೀನಿ" ಎಂದರು ಮೇಸ್ತ್ರಿ. "ಕಣ್ಣು ಕಲಿಸಾಕ ನನ್ನ ಕಡೆ ಆಗೂದಿಲ್ಲ. ಇಕಿ ಹೆಸರು ಬರ್ಕೊಳ್ರಿ ಬೆನ್. ಅವಂದ ಬ್ಯಾಡ."

ನನಗೆ ಖುಷಿಯಾಯಿತು, ಮುಚ್ಚಿಡುವುದೇಕೆ? ಹನ್ನೆರಡನೆಯ ಸೀಟು ತುಂಬಿತು, ಶೆಡ್ಡು ಉಳಿಯಿತು, ಅದೂ ಒಬ್ಬ ಹೆಂಗಸಿನಿಂದ. ವರದಿಯಲ್ಲಿ ಅದನ್ನು ಹೇಗೆ ಬರೆಯಬೇಕೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದೆ. ಹೊಸ ಫಾರ್ಮು ತಂದು ಅರ್ಧ ಫೀಸಿನ ವಿಷಯವನ್ನು ದೊಡ್ಡ ದನಿಯಲ್ಲಿ ಗಂಡನಿಗೆ ಹೇಳಿದೆ. ಅವನು ಮರಳಿನ ಗುಡ್ಡೆಯ ಅಂಚಿಗೆ ಕೂತುಬಿಟ್ಟಿದ್ದ. ಅವಮಾನವಾದಂತೆ ಕಾಣಲಿಲ್ಲ. ಯೋಚಿಸುತ್ತಿದ್ದ.

"ಇಕಿ ಇಲ್ಲಿ ಬಂದ್ರ ನನ್ನ ಜೋಡಿ ಯಾರ್ರಿ?"

"ಒಂದು ವರ್ಷ ನೀವೊಬ್ರ ದುಡೀರಿ."

"ತಮ್ಮ ಬಂದ್ರೂ ಮಾಲು ಹೊರಾಕ ಹೆಣ್ಣಾಳು ಬೇಕಲ್ರಿ. ಒಬ್ಬನ್ನ ಯಾರು ಕರೀತಾರ್ರೀ? ನಾಕಾದಾಗ ಮಧ್ಯಾಹ್ನದ ತನಕ ನಿಂದ್ರೂದು, ತಿರುಗಿ ಬರೂದು. ಸೈಟಿನ ಮ್ಯಾಲೂ ಜೋಡಿ ಇಲ್ಲಂದ್ರ ತಗಡು ಕಿತ್ತಕೊಂಡು ಹೋಗು ಅಂತಾರ. ಆಮ್ಯಾಲ ಎಲ್ಲಿ ಇರೂದು? ಮಗಳದಾಳ, ಆರು ವರ್ಷದಾಕಿ."

ನಾನು ಬಿಡಲಿಲ್ಲ. ಒಂದು ವರ್ಷ ಕಣ್ಣುಮುಚ್ಚಿ ತೆಗೆಯುವುದರಲ್ಲಿ ಹೋಗುತ್ತದೆ, ಆಮೇಲೆ ತಿಂಗಳ ಸಂಬಳ, ಹೆಂಡತಿಯ ಕೈಯಲ್ಲಿ ಇಂಥ ಕಸುಬಿರುವಾಗ ಅಡ್ಡ ಬರುವುದು ಸರಿಯೇ, ಹೀಗೆ ಅರ್ಧ ಗಂಟೆ ಉಪದೇಶ ಮಾಡಿದೆ. ಅವನು "ಹೌದ್ರಿ, ಹೌದ್ರಿ" ಎಂದು ತಲೆಯಾಡಿಸುತ್ತಿದ್ದ. ಹಾಗೆ ತಲೆಯಾಡಿಸುವವರು ಒಪ್ಪಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಕೆ ಅಷ್ಟು ಹೊತ್ತೂ ಟ್ಯಾಂಕಿನ ಹತ್ತಿರ ಬಾಂಡಲಿ ತೊಳೆದು, ಕರಣೆ ತೊಳೆದು, ಒರೆಸಿ ಇಡುತ್ತಿದ್ದಳು. ಮೇಸ್ತ್ರಿ, ಅವನು, ನಾನು, ಮೂವರಲ್ಲಿ ಒಬ್ಬರೂ ಆಕೆಯನ್ನು ಒಂದು ಮಾತು ಕೇಳಲಿಲ್ಲ. ಇಬ್ಬರೂ ಗೇಟಿನ ತನಕ ಹೋದ ಮೇಲೆ ಆಕೆಯೇ ತಿರುಗಿ ಬಂದಳು.

"ಕಡೇ ದಿನ ಯಾವತ್ರೀ?"

"ಶನಿವಾರ. ಐದು ಗಂಟೆ ತನಕ."

ತಲೆಯಾಡಿಸಿ ಹೋದಳು. ಆಕೆಗೆ ಸೀಟು ಬೇಕಾಗಿತ್ತು ಎಂದು ನನಗೆ ಗೊತ್ತಾದದ್ದು ಆಗ.

ಮನೆಗೆ ಬಂದು ನನ್ನ ಗಂಡನ ಮುಂದೆ ಎಲ್ಲವನ್ನೂ ಕಾರಿಕೊಂಡೆ. ಅವರು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರು. ಒಂದು ವರ್ಷ ಹೆಂಡತಿಯನ್ನು ಬಿಟ್ಟಿರಲಾರದವನು ಎಂಥ ಗಂಡಸು ಎಂದೆ.

"ನಾ ಬಿಟ್ಟಿದ್ನೇನು?" ಎಂದರು. "ವಡೋದರಾದಾಗ ಸಾಲಿ ಬಿಡಿಸಿದೆ. ಸೂರತ್ತಿನ್ಯಾಗ ಆ ಸೀರಿ ಆಫೀಸು ಬಿಡಿಸಿದೆ. ನಿನ್ನ ಕೇಳಿದ್ನೇನು ನಾ?"

"ನೀವು ಬಿಡಿಸ್ಲಿಲ್ಲ. ನಾನ ಬಿಟ್ಟೆ."

"ಅದನ್ನ ಹೇಳಾಕತ್ತೀನಿ" ಎಂದು ಇನ್ನೊಂದು ರೊಟ್ಟಿಗೆ ತಟ್ಟೆ ಮುಂದೆ ಮಾಡಿದರು.

ನನಗೆ ಸಿಟ್ಟು ಬಂತು. ಅವರು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಬರುತ್ತಿರಲಿಲ್ಲ. ರೊಟ್ಟಿ ಹಾಕಿದೆ.

ಗುರುವಾರ ಸಂಜೆ ಕಾಲೇಜು ಮುಗಿಸಿ ಬೋಡಕ್‌ದೇವ್‌ಗೆ ಹೋದೆ. ಹೋಗು ಎಂದು ಯಾರೂ ಹೇಳಿರಲಿಲ್ಲ. ಎಂಟನೆಯ ಮಹಡಿಯ ತನಕ ಎದ್ದಿದ್ದ ಕಟ್ಟಡ, ಸುತ್ತ ಹಸಿರು ಬಲೆ, ಎದುರಿಗೆ ಕಾಫಿ ಅಂಗಡಿಯ ಮುಂದೆ ಸಾಲಾಗಿ ಕಾರು. ಆಕೆ ತಲೆಯ ಮೇಲೆ ಬಾಂಡಲಿ ಇಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ನನ್ನನ್ನು ಕಂಡು ನಗಲಿಲ್ಲ. ಬಾಂಡಲಿ ಮೇಲೆ ಇಳಿಸಿ ಬಂದು, ನನ್ನನ್ನು ಗೋಡೆಯ ಮರೆಗೆ ಕರೆದಳು.

"ನೀವು ಇಲ್ಲಿ ಬರಬಾರದಿತ್ರಿ ಬೆನ್. ಮುಕಾದಮ ನೋಡಿದ್ರ ನಾವು ಬಿಟ್ಟ ಹೊಂಟೀವಿ ಅಂತ ತಿಳ್ಕೊಂತಾನ. ಬ್ಯಾರೆ ಜೋಡಿ ತರ್ತಾನ."

"ನಿನಗ ಬರೋ ಮನಸ್ಸೈತೇನು, ಅಷ್ಟ ಹೇಳು."

"ಮನಸ್ಸಿಂದೇನ್ರಿ" ಎಂದಳು. "ಮನಸ್ಸು ಇದ್ದದ್ದಕ್ಕ ಮೊನ್ನೆ ಗೋಡಿ ಕಟ್ಟಿದ್ದು."

ಖಾಲಿ ಬಾಂಡಲಿ ತೆಗೆದುಕೊಂಡು ಮಾಲಿನ ರಾಶಿಯ ಹತ್ತಿರ ಹೋದಳು. ಮುಕಾದಮ ಆಗಲೇ ನನ್ನ ಕಡೆ ನೋಡುತ್ತಿದ್ದ. ಫ್ಲ್ಯಾಟು ನೋಡಲು ಬಂದವಳ ಹಾಗೆ ಕತ್ತೆತ್ತಿ ಒಂದು ಸಲ ಮಹಡಿಗಳನ್ನು ಎಣಿಸಿ, ಆಟೋ ಹಿಡಿದು ಹೊರಟೆ. ದಾರಿಯುದ್ದಕ್ಕೂ ನನ್ನಿಂದ ಅವರ ತಗಡು ಹೋಗದಿದ್ದರೆ ಸಾಕು ಎಂದುಕೊಳ್ಳುತ್ತಿದ್ದೆ.

ಶನಿವಾರ ಬೆಳಿಗ್ಗೆಯಿಂದ ಯಾರೂ ಬರಲಿಲ್ಲ. ವೈರಿಂಗಿಗೆ ಸೀಟು ಸಿಗದ ಒಬ್ಬ ಹುಡುಗನನ್ನು ಗೌಂಡಿ ಶೆಡ್ಡಿಗೆ ಒಪ್ಪಿಸಲು ನೋಡಿದೆ. ಅವನ ತಾಯಿ ನಾನು ಏನೋ ಕೆಟ್ಟದ್ದು ಹೇಳಿದೆನೆನ್ನುವಂತೆ ಮಗನ ತೋಳು ಹಿಡಿದು ಎದ್ದರು. ಮಧ್ಯಾಹ್ನ ಮೇಸ್ತ್ರಿ ಬಂದು ಆಫೀಸಿನ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಹಾಗೇ ಹೋದರು. ನಾಲ್ಕು ಗಂಟೆಗೆ ನಾನು ಟ್ರಸ್ಟಿನ ವರದಿ ಬರೆಯಲು ಕೂತೆ. ಗೌಂಡಿ ಶೆಡ್ಡು: ಹನ್ನೊಂದು. ಹೆಂಗಸರು: ಇಲ್ಲ. ಆ ಹನ್ನೊಂದು ಜನರ ಫೀಸು ವಾಪಸು ಮಾಡುವ ಕಾಗದವನ್ನೂ ಎಳೆದುಕೊಂಡೆ.

ನಾಲ್ಕೂವರೆಗೆ ಆಕೆ ಬಂದಳು. ಗಂಡ ಇರಲಿಲ್ಲ. ಜೊತೆಯಲ್ಲಿ ಬೆಳ್ಳಿ ಕಡಗ ತೊಟ್ಟ, ಮುಖ ತುಂಬ ಗೆರೆಗಳ ಒಬ್ಬ ಮುದುಕಿ, ಬಗಲಲ್ಲಿ ಬಟ್ಟೆಯ ಗಂಟು. "ನಮ್ಮತ್ತಿ" ಎಂದಳು ಆಕೆ. ದಾಹೋದಿನ ಬಸ್ಸಿನಿಂದ ಇಳಿದ ಅತ್ತೆಯನ್ನು ನೇರವಾಗಿ ಕರೆದುಕೊಂಡು ಬಂದಿದ್ದಳು.

"ಕೂಡ್ರಿ ಅಜ್ಜಿ" ಎಂದು ಕುರ್ಚಿ ಸರಿಸಿದೆ. ಅತ್ತೆ ಕುರ್ಚಿಯ ತುದಿಗೆ ಕೂತಳು.

ಫಾರ್ಮು ತುಂಬಿದೆ. ಹೆಸರು, ಊರು, ಶಾಲೆ: ಐದನೆಯ ಇಯತ್ತೆ. ಫೀಸಿನ ಅರ್ಧವನ್ನು ಆಕೆ ಎಣಿಸಿಯೇ ತಂದಿದ್ದಳು. ಮನೆಯವರ ಸಹಿ ಎಂಬಲ್ಲಿ ನಿಂತೆ. ಗಂಡನಿಗೆ ಕೆಲಸ ಬಿಟ್ಟು ಬರಲಾಗುವುದಿಲ್ಲ, ಅತ್ತೆಯ ಹೆಬ್ಬೆಟ್ಟು ನಡೆಯುತ್ತದೆಯೇ ಎಂದು ಆಕೆ ಕೇಳಿದಳು. ನಡೆಯುತ್ತದೆ ಎಂದೆ. ಅತ್ತೆ ಗಂಟು ಬಿಚ್ಚಿ, ಪ್ಲಾಸ್ಟಿಕ್ ಚೀಲದೊಳಗಿನ ಆಧಾರ್ ಕಾರ್ಡು ತೆಗೆದು ಕೊಟ್ಟಳು. ಹುಟ್ಟಿದ ವರ್ಷ ನೋಡಿದೆ. ಇನ್ನೊಮ್ಮೆ ನೋಡಿದೆ. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಅಜ್ಜಿ ಎಂದು ಕರೆದದ್ದಕ್ಕೆ ನನಗೆ ನಾಚಿಕೆಯಾಯಿತು. ತಲೆ ತಗ್ಗಿಸಿ ನಂಬರು ಬರೆಯತೊಡಗಿದೆ.

"ಮಮ್ಮಗಳನ್ನ ನೋಡ್ಕೊಳ್ಳಾಕ ಬಂದ್ರೇನು? ಚಲೋ ಆತು" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಅಲ್ರಿ" ಎಂದಳು ಅತ್ತೆ. "ಮಗನ ಜೋಡಿಗೆ ಬಂದೀನಿ."

ಸೊಸೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ನನ್ನ ಪೆನ್ನು ನಿಂತಿತು. ಬೇಡ ಅನ್ನಬೇಕೆನಿಸಿತು. ಬೇಡ ಅಂದರೆ ಸೀಟು ಹೋಗುತ್ತದೆ. ಅನ್ನಲಿಲ್ಲ.

"ಮೊದಲ ಮಾಡೀರೇನು ಈ ಕೆಲಸ?" ಎಂದಷ್ಟೇ ಕೇಳಿದೆ.

"ಇಪ್ಪತ್ತೆರಡು ವರ್ಷ. ಗಂಡನ ಜೋಡಿ. ಅಂವ ಹ್ವಾದ ಮ್ಯಾಲ ಊರಿಗೆ ಹೋದೆ. ಕುತ್ತಿಗಿ ಸೆಟದು ನಿಂತಿತ್ತು, ಹೊರಳತಿದ್ದಿಲ್ಲ." ಮೇಜಿನ ಮೇಲಿದ್ದ ಇಂಕಿನ ಪ್ಯಾಡಿಗೆ ತಾನೇ ಹೆಬ್ಬೆಟ್ಟು ಒತ್ತಿದಳು. "ಅವನ ಗೋಡಿ ಸೊಟ್ಟ ಆದ್ರ ನಾನ ಹೇಳತಿದ್ದೆ. ಇಕಿಗೂ ನಾನ ತೋರಿಸೇನಿ, ಹ್ಯಾಂಗ ನೋಡೂದಂತ. ನನ್ನ ಕೈಯಾಗ ಕರಣಿ ಯಾರೂ ಕೊಡ್ಲಿಲ್ಲ. ಇಕಿಗೆ ಕೊಡ್ತಾರಂತಲ್ಲ. ತಗೋಲಿ."

ಹೆಬ್ಬೆಟ್ಟನ್ನು ಫಾರ್ಮಿನ ಮೇಲೆ ಒತ್ತಿ, ಸರಿಯಾಗಿ ಬಿತ್ತೇ ಎಂದು ಬಾಗಿ ನೋಡಿದಳು. ನಾನು ರಸೀದಿ ಹರಿದು ಸೊಸೆಗೆ ಕೊಟ್ಟೆ. ಸೋಮವಾರ ಎಂಟು ಗಂಟೆಗೆ ಬರಬೇಕು, ಬೂಟು ಇಲ್ಲೇ ಕೊಡುತ್ತಾರೆ ಎಂದೆಲ್ಲ ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ಇಬ್ಬರೂ ಎದ್ದರು. ಬಾಗಿಲ ತನಕ ಹೋದ ಅತ್ತೆ ನಿಂತು ನನ್ನನ್ನು ಕೇಳಿದಳು.

"ವರ್ಷ ಅಂದ್ರ ಎಷ್ಟ ತಿಂಗಳ್ರಿ, ನಿಮ್ಮಲ್ಲಿ?"

ರಜೆಗಳನ್ನು ಕಳೆದು, ಪರೀಕ್ಷೆಯ ದಿನಗಳನ್ನು ಕಳೆದು ಹೇಳಿದೆ. "ಹತ್ತು."

ಅವಳು ಬೆರಳಿನ ಗೆಣ್ಣುಗಳ ಮೇಲೆ ಎಣಿಸಿಕೊಂಡಳು. ಆಮೇಲೆ ಗಂಟನ್ನು ಸೊಸೆಯ ಕೈಗೆ ಕೊಟ್ಟು, ಎರಡೂ ಕೈಯಿಂದ ಕುತ್ತಿಗೆಯ ಹಿಂಭಾಗವನ್ನು ಹಿಡಿದುಕೊಂಡು, ತಲೆಯನ್ನು ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ನಿಧಾನವಾಗಿ ಹೊರಳಿಸಿ ನೋಡಿದಳು.

"ಆಗ್ತೈತಿ" ಎಂದಳು.

ಅವರು ಬೋಡಕ್‌ದೇವ್‌ನ ಬಸ್ಸಿಗೆ ಹೋದರು. ನಾನು ಫೀಸು ವಾಪಸಿನ ಕಾಗದವನ್ನು ಹರಿದುಹಾಕಿ, ವರದಿಯಲ್ಲಿ ಹನ್ನೊಂದನ್ನು ಹೊಡೆದು ಹನ್ನೆರಡು ಮಾಡಿದೆ. ಹೆಂಗಸರು ಎಂಬಲ್ಲಿ ಒಬ್ಬರು ಎಂದು ಬರೆದೆ.